ಅನುದಾನದ ಉಬ್ಬರವಿಳಿತ: ಅಮೆರಿಕದ ನ್ಯಾಯಪರ ಸಂಘಟನೆಗಳಿಗೆ ಮುಂದಿನ ದಾರಿ ಯಾವುದು?

ಕರಾವಳಿಯ ನಮ್ಮ ಹಿರಿಯರಿಗೆ ಅಮೆರಿಕದ ಕಥೋಲಿಕರ ನೆರವು ಎಂದಕೂಡಲೇ ನೆನಪಾಗುವುದು ಹಾಲಿನ ಹುಡಿ ಮತ್ತು ಗೋಧಿ. ಕೆಥೋಲಿಕ್ ರಿಲೀಫ್ ಸರ್ವಿಸಸ್ ಸಂಸ್ಥೆ 1946ರಲ್ಲಿ ಭಾರತದಲ್ಲಿ ಕೆಲಸ ಆರಂಭಿಸಿತು. ಹಸಿವಿನ ಆ ವರ್ಷಗಳಲ್ಲಿ ದೇಶದ ಅನೇಕ ಧರ್ಮಪ್ರಾಂತ್ಯಗಳ ಮೂಲಕ ಅಮೆರಿಕದ ಆಹಾರ ಸಾಮಗ್ರಿ ಬಡವರ ಮನೆ ತಲಪಿತು. ಹಸಿದವರಿಗೆ ಅನ್ನ ನೀಡುವ ಕೆಲಸ ಅದು. ಅದರ ಬಗ್ಗೆ ಎರಡು ಮಾತಿಲ್ಲ.

ಆದರೆ ಅದೇ ಅಮೆರಿಕದ ಇಗರ್ಜಿಗಳಲ್ಲಿ 1970ರಿಂದ ಇನ್ನೊಂದು ಕಾಣಿಕೆ ನಡೆದು ಬಂದಿದೆ. ಇದು ಹೊರದೇಶಕ್ಕೆ ಕಳುಹಿಸುವ ಹಣವಲ್ಲ, ಅವರದೇ ನಾಡಿನ ಬಡವರಿಗಾಗಿ ಎತ್ತುವ ಹಣ. ಇದಕ್ಕೆ ಒಂದು ವಿಶೇಷ ಷರತ್ತೂ ಇದೆ. ಈ ಹಣದಿಂದ ಊಟ, ಬಟ್ಟೆ ಹಂಚುವಂತಿಲ್ಲ. ಬಡವರು ಒಟ್ಟಾಗಿ ನಿಂತು ತಮ್ಮ ಬಡತನದ ಕಾರಣಗಳನ್ನು ತಾವೇ ಎದುರಿಸುವುದಕ್ಕೆ ಮಾತ್ರ ಇದು ಬಳಕೆಯಾಗಬೇಕು.

ಈ ಕಾಣಿಕೆಯ ಹೆಸರು 'ಕೆಥೋಲಿಕ್ ಕ್ಯಾಂಪೇನ್ ಫಾರ್ ಹ್ಯೂಮನ್ ಡೆವಲಪ್‌ಮೆಂಟ್', ಅಂದರೆ ಮಾನವ ಅಭಿವೃದ್ಧಿಗಾಗಿ ಕಥೋಲಿಕ ಅಭಿಯಾನ. 2024ರ ಜೂನ್ ತಿಂಗಳಲ್ಲಿ ಅಮೆರಿಕದ ಧರ್ಮಾಧ್ಯಕ್ಷರ ಮಂಡಳಿ ಈ ಅಭಿಯಾನದ ಕಚೇರಿಯನ್ನು ಪುನಾರಚಿಸಿ ಹಲವು ಸಿಬ್ಬಂದಿಯನ್ನು ಕೆಲಸದಿಂದ ಬಿಡಿಸಿತು. ಮರುವರ್ಷ, 2025ರಲ್ಲಿ, ಸಮುದಾಯ ಸಂಘಟನೆಗಳಿಗೆ ಮಂಜೂರಾಗಿದ್ದ ಸರಕಾರಿ ಅನುದಾನಗಳು ಒಂದರ ಹಿಂದೆ ಒಂದರಂತೆ ರದ್ದಾದವು. 2020ರಲ್ಲಿ ನೆರೆಯಂತೆ ಹರಿದು ಬಂದಿದ್ದ ಖಾಸಗಿ ನಿಧಿಗಳ ಉತ್ಸಾಹವೂ ಅಷ್ಟರಲ್ಲಿ ಇಳಿದಿತ್ತು. ಹಾಗಾದರೆ ಬಡ ಬಡಾವಣೆಗಳಲ್ಲಿ, ಕಪ್ಪು ವರ್ಣೀಯರ ಮತ್ತು ವಲಸಿಗರ ನಡುವೆ ನ್ಯಾಯಕ್ಕಾಗಿ ದುಡಿಯುವ ಸಂಘಟನೆಗಳು ಇನ್ನು ಯಾವ ಬಾಗಿಲು ತಟ್ಟಬೇಕು? ಪ್ರಶ್ನೆ ಅಮೆರಿಕದ್ದು. ಆದರೆ ಅಲ್ಲಿನ ಇಗರ್ಜಿಗಳಲ್ಲಿ ನಮ್ಮ ಊರಿನ ಅದೆಷ್ಟೋ ಕುಟುಂಬಗಳು ಭಾನುವಾರದ ಬಲಿಪೂಜೆಗೆ ಕುಳಿತಿರುತ್ತವೆ, ಆ ಕಾಣಿಕೆಗೆ ತಮ್ಮ ಪಾಲನ್ನೂ ಹಾಕುತ್ತವೆ. ಹಾಗಾಗಿ ಉತ್ತರದಲ್ಲಿ ನಮಗೂ ಪಾಲಿದೆ.

ಉಬ್ಬರದ ದಿನಗಳು

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವರ್ಣೀಯ ವ್ಯಕ್ತಿ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಉಸಿರುಗಟ್ಟಿ ಸತ್ತ. ಆ ದೃಶ್ಯವನ್ನು ಇಡೀ ಜಗತ್ತು ನೋಡಿತು. ಅಮೆರಿಕದ ಬೀದಿಗಳು ತುಂಬಿದವು. ಅದುವರೆಗೆ ಜನಾಂಗೀಯ ನ್ಯಾಯದ ಕೆಲಸಕ್ಕೆ ಹಣ ಕೊಡಲು ಹಿಂದೆಮುಂದೆ ನೋಡುತ್ತಿದ್ದ ನಿಧಿಗಳು ಏಕಾಏಕಿ ಚೀಲ ಬಿಚ್ಚಿದವು.

ಅದೇ ಜೂನ್ ತಿಂಗಳಲ್ಲಿ ಫೋರ್ಡ್ ಫೌಂಡೇಶನ್ ಮಾರುಕಟ್ಟೆಯಲ್ಲಿ ಬಾಂಡ್ ಮೂಲಕ 100 ಕೋಟಿ ಡಾಲರ್ ಸಾಲ ಎತ್ತಿ, ಅದನ್ನು ಅನುದಾನವಾಗಿ ಹಂಚಲು ಮುಂದಾಯಿತು. ಮೆಕಾರ್ಥರ್, ಕೆಲ್ಲಾಗ್, ಮೆಲನ್, ಡೋರಿಸ್ ಡ್ಯೂಕ್ ನಿಧಿಗಳೂ ಜೊತೆಗೂಡಿದವು. ಜುಲೈಯಲ್ಲಿ ಮೆಕೆಂಝಿ ಸ್ಕಾಟ್ ಎಂಬ ಸಿರಿವಂತ ಮಹಿಳೆ ತಾವು 116 ಸಂಸ್ಥೆಗಳಿಗೆ ಸುಮಾರು 170 ಕೋಟಿ ಡಾಲರ್ ಕೊಟ್ಟಿರುವುದನ್ನು ಪ್ರಕಟಿಸಿದರು. ಅದರಲ್ಲಿ ಸುಮಾರು 58.7 ಕೋಟಿ ಡಾಲರ್ ಜನಾಂಗೀಯ ಸಮಾನತೆಯ ಕೆಲಸಕ್ಕೆ ಮೀಸಲಾಗಿತ್ತು. ಈ ಹಣವನ್ನು ಇಂಥದ್ದಕ್ಕೇ ಖರ್ಚು ಮಾಡಬೇಕು ಎಂಬ ಕಟ್ಟು ಇರಲಿಲ್ಲ ಎಂಬುದು ಗಮನಾರ್ಹ.

ಧರ್ಮಸಭೆಯ ಒಳಗೂ ಹಳೆಯ ಲೆಕ್ಕವೊಂದು ಹೊರಬಂತು. 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಗುಲಾಮರನ್ನು 1,15,000 ಡಾಲರಿಗೆ ಮಾರಿದ್ದರು. ಆ ಹಣದ ಒಂದು ಭಾಗದಿಂದ ಇಂದಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಾಲ ತೀರಿತ್ತು. 2021ರ ಮಾರ್ಚ್‌ನಲ್ಲಿ ಅಮೆರಿಕದ ಯೇಸುಸಭೆ ಆ ಗುಲಾಮರ ವಂಶಜರೊಂದಿಗೆ ಸೇರಿ ಒಂದು ಪ್ರತಿಷ್ಠಾನ ಸ್ಥಾಪಿಸಿ, 10 ಕೋಟಿ ಡಾಲರ್ ಸಂಗ್ರಹಿಸಿ ಕೊಡುವ ವಚನ ನೀಡಿತು. ಇದನ್ನು ದಾನ ಎಂದು ಕರೆಯುವುದು ಸರಿಯಾಗದು. ಬಹಳ ತಡವಾಗಿ ಮನ್ನಿಸಿಕೊಂಡ ಸಾಲವಿದು. ದಾನ ಕೊಡುವವನು ತನ್ನ ಮನಸ್ಸಿಗೆ ಬಂದಾಗ ನಿಲ್ಲಿಸಬಹುದು, ಸಾಲಗಾರ ನಿಲ್ಲಿಸುವಂತಿಲ್ಲ. ಮುಂದಿನ ವರ್ಷಗಳಲ್ಲಿ ಆದದ್ದನ್ನು ಅರಿಯಲು ಈ ವ್ಯತ್ಯಾಸ ನೆನಪಿರಬೇಕು.

ಇಳಿತ ಎಲ್ಲಿಂದ ಬಂತು?

ಉಬ್ಬರ ಇಳಿಯಲು ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ದಾನಿಗಳ ಮನಸ್ಸು. ಟಿ.ವಿ. ಪರದೆಯಿಂದ ದೃಶ್ಯ ಮರೆಯಾದಂತೆ ಎದೆಯ ಬಿಸಿಯೂ ಆರುತ್ತದೆ. ಒಂದು ಅಥವಾ ಎರಡು ವರ್ಷಕ್ಕೆಂದು ಕೊಟ್ಟ ಅನುದಾನ ಮುಗಿದಾಗ ನವೀಕರಣದ ಪತ್ರ ಬರಲೇ ಇಲ್ಲ ಎಂಬುದು ಅನೇಕ ಸಣ್ಣ ಸಂಘಟನೆಗಳ ಅನುಭವ.

ಎರಡನೆಯದು ಕಾನೂನು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಅಸಿಂಧುಗೊಳಿಸಿತು. ಆ ತೀರ್ಪು ಅನುದಾನದ ಬಗ್ಗೆ ಏನನ್ನೂ ಹೇಳಿರಲಿಲ್ಲ. ಆದರೆ ಎರಡೇ ತಿಂಗಳೊಳಗೆ, ಆಗಸ್ಟ್‌ನಲ್ಲಿ, ಆ ಮೊಕದ್ದಮೆಯ ಹಿಂದಿದ್ದ ಎಡ್ವರ್ಡ್ ಬ್ಲಮ್ ಅವರ ಇನ್ನೊಂದು ಸಂಘಟನೆ ಅಟ್ಲಾಂಟದ ಫಿಯರ್‌ಲೆಸ್ ಫಂಡ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಕಪ್ಪು ವರ್ಣೀಯ ಮಹಿಳೆಯರ ಸಣ್ಣ ಉದ್ದಿಮೆಗಳಿಗೆ ಈ ನಿಧಿ 20,000 ಡಾಲರ್ ಅನುದಾನ ಕೊಡುತ್ತಿತ್ತು. ಇದು ಜನಾಂಗದ ಆಧಾರದ ಮೇಲೆ ಮಾಡಿಕೊಂಡ ಒಪ್ಪಂದ, ಆದ್ದರಿಂದ 1866ರ ನಾಗರಿಕ ಹಕ್ಕು ಕಾಯಿದೆಗೆ ವಿರುದ್ಧ ಎಂಬುದು ವಾದ. 2024ರ ಜೂನ್ 3ರಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2–1 ಬಹುಮತದಿಂದ ಈ ವಾದದ ಪರ ನಿಂತು ಅನುದಾನಕ್ಕೆ ತಡೆ ನೀಡಿತು. ಅದೇ ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ, ಆ ಅನುದಾನವನ್ನೇ ಮುಚ್ಚಲಾಯಿತು.

ಇಲ್ಲಿನ ವಿಪರ್ಯಾಸ ನೋಡಿ! 1866ರ ಆ ಕಾಯಿದೆ ಬಂದದ್ದು ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದವರಿಗೆ ವ್ಯವಹಾರ ಮಾಡುವ, ಒಪ್ಪಂದ ಮಾಡಿಕೊಳ್ಳುವ ಹಕ್ಕನ್ನು ಕಾಪಾಡಲು. ಅದೇ ಕಾಯಿದೆಯ ಬಲದಿಂದ ಅವರ ಮೊಮ್ಮಕ್ಕಳ ಮಕ್ಕಳಿಗೆ ಸಿಗುತ್ತಿದ್ದ ಸಣ್ಣ ನೆರವು ನಿಂತಿತು. ಇನ್ನೊಂದು ಪಕ್ಷದ ವಾದವನ್ನೂ ಇಲ್ಲಿ ಹೇಳಬೇಕು. ಕಾನೂನು ಎಲ್ಲ ಬಣ್ಣದವರಿಗೂ ಒಂದೇ, ಒಂದು ಜನಾಂಗದವರು ಮಾತ್ರ ಅರ್ಜಿ ಹಾಕಬಹುದು ಎಂದರೆ ಉಳಿದವರಿಗೆ ಅದು ತಾರತಮ್ಯವೇ ಎನ್ನುತ್ತಾರೆ ಅವರು. ಈ ವಾದವನ್ನು ಒಪ್ಪಲಿ, ಬಿಡಲಿ, ನಿಧಿಗಳ ವಕೀಲರು ಮಾತ್ರ ಎಚ್ಚೆತ್ತುಕೊಂಡರು. ಅರ್ಜಿ ನಮೂನೆಗಳಿಂದ 'ಜನಾಂಗ' ಎಂಬ ಪದ ಮೆಲ್ಲನೆ ಮಾಯವಾಗತೊಡಗಿತು. ಅದರ ಜಾಗಕ್ಕೆ 'ಹಿಂದುಳಿದ ಬಡಾವಣೆ', 'ಕಡಿಮೆ ಆದಾಯದ ಕುಟುಂಬ' ಎಂಬ ಪದಗಳು ಬಂದವು.

ಮೂರನೆಯದು ಸರಕಾರ. 2025ರ ಜನವರಿ 21ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ವೈವಿಧ್ಯ, ಸಮಾನತೆ ಮತ್ತು ಒಳಗೊಳ್ಳುವಿಕೆಯ ಹೆಸರಿನಲ್ಲಿ ಕಾನೂನುಬಾಹಿರ ಕಾರ್ಯಕ್ರಮಗಳನ್ನು ನಡೆಸುತ್ತಿಲ್ಲ ಎಂದು ಸರಕಾರಿ ಅನುದಾನ ಪಡೆಯುವ ಪ್ರತಿ ಸಂಸ್ಥೆಯೂ ಬರೆದುಕೊಡಬೇಕು ಎಂಬುದು ಅದರ ಒಂದು ಅಂಶ. ಬರೆದುಕೊಟ್ಟದ್ದು ಸುಳ್ಳೆಂದು ಸಾಬೀತಾದರೆ ಭಾರೀ ದಂಡ. ಕಾನೂನುಬಾಹಿರ ಎಂದರೆ ಯಾವುದು ಎಂಬುದನ್ನು ಆದೇಶ ಬಿಡಿಸಿ ಹೇಳಲಿಲ್ಲ. ಇದನ್ನು ನ್ಯಾಯಾಲಯಗಳಲ್ಲಿ ಪ್ರಶ್ನಿಸಲಾಯಿತಾದರೂ ಭಯ ಅಷ್ಟರಲ್ಲೇ ತನ್ನ ಕೆಲಸ ಮಾಡಿತ್ತು. 50 ಕೋಟಿ ಡಾಲರಿಗಿಂತ ಹೆಚ್ಚು ಆಸ್ತಿಯಿರುವ ಖಾಸಗಿ ನಿಧಿಗಳೂ ತನಿಖೆಗೆ ಒಳಗಾಗಬಹುದು ಎಂಬ ಸೂಚನೆ ಅದೇ ಆದೇಶದಲ್ಲಿತ್ತು.

ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ 360ಕ್ಕೂ ಹೆಚ್ಚು ಅನುದಾನಗಳನ್ನು ರದ್ದುಪಡಿಸಿತು. ಅವುಗಳ ಮೂಲ ಮೊತ್ತ 80 ಕೋಟಿ ಡಾಲರಿಗೂ ಹೆಚ್ಚು. ಬಡಾವಣೆಗಳಲ್ಲಿ ಗುಂಡಿನ ಹಿಂಸೆ ತಡೆಯುವ, ಅಪರಾಧಕ್ಕೆ ಬಲಿಯಾದವರಿಗೆ ನೆರವಾಗುವ ಸಂಸ್ಥೆಗಳು ಅವುಗಳಲ್ಲಿದ್ದವು. ಕೆಲವನ್ನು ಅನಂತರ ಮರಳಿಸಲಾಯಿತಾದರೂ ಬಹಳಷ್ಟು ಸಂಸ್ಥೆಗಳು ಅಷ್ಟರಲ್ಲಿ ಸಿಬ್ಬಂದಿಯನ್ನು ಮನೆಗೆ ಕಳುಹಿಸಿದ್ದವು. ಅದೇ ತಿಂಗಳಲ್ಲಿ ಅಮೆರಿಕದ ಧರ್ಮಾಧ್ಯಕ್ಷರ ಮಂಡಳಿಯೂ ನಿರಾಶ್ರಿತರ ಮತ್ತು ಮಕ್ಕಳ ಸೇವೆಗಾಗಿ ಕೇಂದ್ರ ಸರಕಾರದೊಂದಿಗೆ ಇದ್ದ ದಶಕಗಳ ಒಪ್ಪಂದವನ್ನು ನವೀಕರಿಸುವುದಿಲ್ಲ ಎಂದು ಪ್ರಕಟಿಸಿತು. ಸರಕಾರ ನಿರಾಶ್ರಿತರ ಪುನರ್ವಸತಿಯ ಹಣವನ್ನು ನಿಲ್ಲಿಸಿದ್ದೇ ಇದಕ್ಕೆ ಕಾರಣ. ಧರ್ಮಸಭೆಯಂತಹ ದೊಡ್ಡ ಸಂಸ್ಥೆಗೇ ಈ ಗತಿಯಾದರೆ ಬೀದಿ ಮೂಲೆಯ ಕೋಣೆಯೊಂದರಲ್ಲಿ ನಡೆಯುವ ಸಂಘಟನೆಯ ಪಾಡೇನು?

ನವೆಂಬರ್ ತಿಂಗಳ ಕಾಣಿಕೆ

ಈ ಹಿನ್ನೆಲೆಯಲ್ಲಿ ಧರ್ಮಸಭೆಯ ಆ ಹಳೆಯ ಕಾಣಿಕೆಯತ್ತ ಮತ್ತೊಮ್ಮೆ ನೋಡಬೇಕು.

1960ರ ದಶಕದ ಕೊನೆಯಲ್ಲಿ ಅಮೆರಿಕದ ನಗರಗಳು ಹೊತ್ತಿ ಉರಿಯುತ್ತಿದ್ದವು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾಗಿದ್ದರು. 1969ರ ನವೆಂಬರ್‌ನಲ್ಲಿ ಧರ್ಮಾಧ್ಯಕ್ಷರು ಬಡತನದ ವಿರುದ್ಧ ಈ ಅಭಿಯಾನಕ್ಕೆ ತೀರ್ಮಾನಿಸಿದರು. 1970ರ ನವೆಂಬರ್‌ನಲ್ಲಿ ಮೊದಲ ಕಾಣಿಕೆ ಎತ್ತಿದಾಗ 80 ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹವಾಯಿತು. ಅಂದಿನಿಂದ ಪ್ರತಿ ವರ್ಷ ಕೃತಜ್ಞತಾ ಹಬ್ಬದ ಮುಂಚಿನ ಭಾನುವಾರದ ಆಸುಪಾಸಿನಲ್ಲಿ ಈ ಕಾಣಿಕೆ ನಡೆಯುತ್ತದೆ. ಸಂಗ್ರಹವಾದ ಹಣದಲ್ಲಿ ಕಾಲು ಭಾಗ ಆಯಾ ಧರ್ಮಪ್ರಾಂತ್ಯದಲ್ಲೇ ಉಳಿಯುತ್ತದೆ, ಮುಕ್ಕಾಲು ಭಾಗ ರಾಷ್ಟ್ರೀಯ ನಿಧಿಗೆ ಹೋಗುತ್ತದೆ.

ಅನುದಾನ ಪಡೆಯಲು ಇರುವ ಮುಖ್ಯ ನಿಯಮಗಳು ಸರಳ. ಸಂಸ್ಥೆ ಲಾಭಕ್ಕಾಗಿ ಇರಬಾರದು. ಅದರ ಆಡಳಿತ ಸಮಿತಿಯಲ್ಲಿ ಬಡವರೇ ಕುಳಿತು ತೀರ್ಮಾನ ತೆಗೆದುಕೊಳ್ಳುತ್ತಿರಬೇಕು. ನೇರ ಸೇವೆಗೆ, ಅಂದರೆ ಊಟ, ಆಸ್ಪತ್ರೆ, ಶಾಲೆಗಳಿಗೆ ಈ ಹಣವಿಲ್ಲ. ಪಕ್ಷ ರಾಜಕೀಯ ಸಲ್ಲದು. ಧರ್ಮಸಭೆಯ ಬೋಧನೆಗೆ ವಿರುದ್ಧವಾದ ಕೆಲಸ ಮಾಡಬಾರದು. ಸ್ಥಳೀಯ ಧರ್ಮಾಧ್ಯಕ್ಷರ ಒಪ್ಪಿಗೆ ಬೇಕು. ಆದರೆ ಅರ್ಜಿದಾರರು ಕಥೋಲಿಕರೇ ಆಗಿರಬೇಕೆಂದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ನಿಯಮಗಳಲ್ಲಿ ಎಲ್ಲಿಯೂ ಚರ್ಮದ ಬಣ್ಣವನ್ನು ಕೇಳಿಲ್ಲ. ಬಡವನೇ, ತೀರ್ಮಾನ ನಿನ್ನ ಕೈಯಲ್ಲಿದೆಯೇ ಎಂದಷ್ಟೇ ಕೇಳಿದೆ. ಅಮೆರಿಕದಲ್ಲಿ ಬಡತನಕ್ಕೂ ಬಣ್ಣಕ್ಕೂ ಇರುವ ನಂಟಿನಿಂದಾಗಿ ಈ ಹಣ ಸಹಜವಾಗಿಯೇ ಕಪ್ಪು ವರ್ಣೀಯರ, ಮೆಕ್ಸಿಕೋ ಮೂಲದವರ, ಮೂಲನಿವಾಸಿಗಳ ಸಂಘಟನೆಗಳನ್ನು ತಲಪಿತು. 2024ರಲ್ಲಿ ನ್ಯಾಯಾಲಯ ತಡೆದದ್ದು ಜನಾಂಗದ ಷರತ್ತನ್ನು. ಬಡತನವನ್ನೇ ಮಾನದಂಡವಾಗಿ ಇಟ್ಟುಕೊಂಡ ಈ ಹಳೆಯ ದಾರಿಗೆ ಆ ತೀರ್ಪು ತಟ್ಟಲಿಲ್ಲ. ಆದರೂ ಧರ್ಮಾಧ್ಯಕ್ಷರು ಬಣ್ಣದ ಪ್ರಶ್ನೆಯನ್ನು ಮುಚ್ಚಿಡಲಿಲ್ಲ. 1979ರಲ್ಲಿ ಒಮ್ಮೆ, 2018ರ ನವೆಂಬರ್‌ನಲ್ಲಿ ಇನ್ನೊಮ್ಮೆ ಪಾಲನಾ ಪತ್ರಗಳನ್ನು ಹೊರಡಿಸಿ ಜನಾಂಗೀಯತೆ ಪಾಪ ಎಂದು ಸ್ಪಷ್ಟಪಡಿಸಿದ್ದಾರೆ.

ಒಂದು ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು. 1985ರಲ್ಲಿ ಬರಾಕ್ ಒಬಾಮ ಎಂಬ ಯುವಕ ಶಿಕಾಗೊದ ದಕ್ಷಿಣ ಭಾಗದಲ್ಲಿ ಸಮುದಾಯ ಸಂಘಟಕನಾಗಿ ಸೇರಿದಾಗ ಅವನ ಕಚೇರಿ ಇದ್ದದ್ದು ಹೋಲಿ ರೋಸರಿ ಇಗರ್ಜಿಯ ಗುರುಮನೆಯಲ್ಲಿ. ಅವನ ಸಂಘಟನೆಗೆ ಈ ಅಭಿಯಾನದ ಅನುದಾನವಿತ್ತು.

ಟೊಮೆಟೊ ತೋಟದ ಪಾಠ

ಆದರೆ ಅನುದಾನದ ಸರಿಯಾದ ಫಲ ಕಾಣಬೇಕಾದರೆ ಅಧ್ಯಕ್ಷ ಪದವಿಗೆ ಏರಿದವರನ್ನು ಬಿಟ್ಟು ಫ್ಲೋರಿಡಾದ ಇಮೊಕಲಿ ಎಂಬ ಊರಿಗೆ ಹೋಗಬೇಕು.

ಇಮೊಕಲಿಯ ಸುತ್ತಮುತ್ತ ಟೊಮೆಟೊ ತೋಟಗಳು. ಕೊಯ್ಯುವವರು ಮೆಕ್ಸಿಕೋ, ಗ್ವಾಟೆಮಾಲ, ಹೈಟಿಯಿಂದ ಬಂದ ವಲಸೆ ಕೂಲಿಗಳು. 32 ಪೌಂಡಿನ, ಅಂದರೆ ಸುಮಾರು ಹದಿನಾಲ್ಕೂವರೆ ಕಿಲೋದ ಒಂದು ಬುಟ್ಟಿ ತುಂಬಿಸಿದರೆ ಸಿಗುತ್ತಿದ್ದದ್ದು 45 ಸೆಂಟ್ ಆಸುಪಾಸು. ಹೊಡೆತ, ಕೂಲಿ ಮೋಸ, ಮಹಿಳೆಯರ ಮೇಲೆ ಕಿರುಕುಳ ಸಾಮಾನ್ಯವಾಗಿತ್ತು. ಜನರನ್ನು ಕೂಡಿಹಾಕಿ ದುಡಿಸಿದ ಪ್ರಕರಣಗಳಲ್ಲಿ ನ್ಯಾಯಾಲಯ ಶಿಕ್ಷೆಯನ್ನೂ ವಿಧಿಸಿದೆ. 1993ರಲ್ಲಿ ಈ ಕೂಲಿಗಳ ಒಂದು ಸಣ್ಣ ಗುಂಪು ಸ್ಥಳೀಯ ಇಗರ್ಜಿಯೊಂದರಿಂದ ಎರವಲು ಪಡೆದ ಕೋಣೆಯಲ್ಲಿ ವಾರವಾರ ಸೇರತೊಡಗಿತು. ಇದೇ ಮುಂದೆ 'ಕೊಯಲಿಶನ್ ಆಫ್ ಇಮೊಕಲಿ ವರ್ಕರ್ಸ್' ಆಯಿತು. ಇದಕ್ಕೆ ಆಸರೆಯಾದ ನಿಧಿಗಳಲ್ಲಿ ಧರ್ಮಾಧ್ಯಕ್ಷರ ಈ ಅಭಿಯಾನವೂ ಒಂದು.

ಇವರು ತೋಟದ ಧಣಿಗಳ ಜೊತೆ ಮಾತ್ರ ಜಗಳಕ್ಕೆ ನಿಲ್ಲಲಿಲ್ಲ. ಟೊಮೆಟೊ ಕೊಳ್ಳುವ ದೊಡ್ಡ ಕಂಪೆನಿಗಳ ಬಾಗಿಲಿಗೆ ಹೋದರು. ಪೌಂಡಿಗೆ ಒಂದು ಸೆಂಟ್ ಹೆಚ್ಚು ಕೊಡಿ, ಅದು ನೇರವಾಗಿ ಕೊಯ್ಯುವವರಿಗೆ ಸೇರಲಿ ಎಂಬುದಷ್ಟೇ ಬೇಡಿಕೆ. 2001ರಲ್ಲಿ ಟ್ಯಾಕೊ ಬೆಲ್ ವಿರುದ್ಧ ಬಹಿಷ್ಕಾರ ಆರಂಭಿಸಿದರು, 2005ರ ಮಾರ್ಚ್‌ನಲ್ಲಿ ಕಂಪೆನಿ ಒಪ್ಪಿತು. 2007ರಲ್ಲಿ ಮೆಕ್‌ಡೊನಾಲ್ಡ್ಸ್, 2008ರಲ್ಲಿ ಬರ್ಗರ್ ಕಿಂಗ್, 2014ರಲ್ಲಿ ವಾಲ್‌ಮಾರ್ಟ್ ಒಪ್ಪಿದವು. ಒಪ್ಪಂದ ಮುರಿದ ತೋಟದಿಂದ ಈ ಕಂಪೆನಿಗಳು ಟೊಮೆಟೊ ಕೊಳ್ಳುವಂತಿಲ್ಲ. ಹಾಗಾಗಿ ನಿಯಮಕ್ಕೆ ಹಲ್ಲು ಬಂತು.

ಲೆಕ್ಕ ಹಾಕಿ ನೋಡಿ. ಒಂದು ಅನುದಾನ ಆ ಕೂಲಿಗಳಿಗೆ ನೇರವಾಗಿ ಹಂಚಿಹೋಗಿದ್ದರೆ ಕೆಲವು ದಿನಗಳ ಊಟವಾಗುತ್ತಿತ್ತು. ಅದೇ ಹಣ ಸಂಘಟನೆಯ ಬೆನ್ನಿಗೆ ನಿಂತದ್ದರಿಂದ ವರ್ಷ ವರ್ಷವೂ ಕೂಲಿಯ ಚೀಟಿಯಲ್ಲಿ ಹೆಚ್ಚುವರಿ ಹಣ ಬರುವಂತಾಯಿತು. ಆ ಹಣ ದಾನಿಯಿಂದ ಬರುವುದಲ್ಲ, ಅವರದೇ ದುಡಿಮೆಯ ಬೆಲೆ.

ಆರೋಪಗಳು, ತಿದ್ದುಪಡಿಗಳು

ಎಲ್ಲವೂ ಹೀಗೆ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. 'ಅಕಾರ್ನ್' ಎಂಬ ರಾಷ್ಟ್ರವ್ಯಾಪಿ ಸಂಘಟನೆಗೆ ಈ ಅಭಿಯಾನ ಹತ್ತು ವರ್ಷಗಳಲ್ಲಿ 70 ಲಕ್ಷ ಡಾಲರಿಗೂ ಹೆಚ್ಚು ನೀಡಿತ್ತು. ಸ್ಥಾಪಕರ ಸಹೋದರನಿಂದ ಅಲ್ಲಿ ಸುಮಾರು 10 ಲಕ್ಷ ಡಾಲರ್ ದುರುಪಯೋಗವಾಗಿದ್ದು, ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟಿದ್ದರು ಎಂಬುದು 2008ರಲ್ಲಿ ಬಯಲಾಯಿತು. ಧರ್ಮಾಧ್ಯಕ್ಷರು ಆ ವರ್ಷವೇ ಅನುದಾನ ನಿಲ್ಲಿಸಿದರು. ಕೆಲವು ಸಂಘಟನೆಗಳು ಗರ್ಭಪಾತ, ವಿವಾಹ ಮೊದಲಾದ ವಿಷಯಗಳಲ್ಲಿ ಧರ್ಮಸಭೆಯ ಬೋಧನೆಗೆ ವಿರುದ್ಧವಾದ ಕೂಟಗಳಲ್ಲಿ ಸೇರಿಕೊಂಡಿವೆ ಎಂಬ ದೂರುಗಳೂ ಬಂದವು. ಕೆಲವು ಧರ್ಮಪ್ರಾಂತ್ಯಗಳು ಈ ಕಾಣಿಕೆಯಿಂದಲೇ ಹಿಂದೆ ಸರಿದವು. 2010ರಲ್ಲಿ ಇಡೀ ಅಭಿಯಾನವನ್ನು ಪರಿಶೀಲಿಸಿ ನಿಯಮಗಳನ್ನು ಬಿಗಿಗೊಳಿಸಲಾಯಿತು.

ವಿಶ್ವಾಸಿಗಳು ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ತಪ್ಪಲ್ಲ, ಅದು ಕರ್ತವ್ಯ. ಆದರೆ ಒಂದೆರಡು ಸಂಘಟನೆಗಳ ತಪ್ಪಿಗಾಗಿ ಪ್ರಾಮಾಣಿಕವಾಗಿ ದುಡಿದ ನೂರಾರು ಸಂಘಟನೆಗಳ ಮೇಲೂ ಸಂಶಯದ ನೆರಳು ಬಿತ್ತು. ಅಷ್ಟರಲ್ಲಿ ಕೋವಿಡ್ ಬಂತು. ಇಗರ್ಜಿಗಳು ಮುಚ್ಚಿದವು, ಕಾಣಿಕೆ ಕುಸಿಯಿತು. ಕೊನೆಗೆ 2024ರ ಜೂನ್‌ನಲ್ಲಿ ಸಿಬ್ಬಂದಿ ಕಡಿತ. ಕಾಣಿಕೆ ನಿಂತಿಲ್ಲ, ಅನುದಾನವೂ ನಿಂತಿಲ್ಲ. ಆದರೆ ಊರೂರು ತಿರುಗಿ ಸಂಘಟನೆಗಳನ್ನು ಕಣ್ಣಾರೆ ನೋಡಿ, ಅವರ ಜೊತೆ ಕುಳಿತು ಮಾತಾಡಿ ಬರುತ್ತಿದ್ದ ಅನುಭವಿಗಳು ಹೋದ ಮೇಲೆ ಉಳಿಯುವುದು ಅರ್ಜಿ ನಮೂನೆ ಮಾತ್ರ. ಬಡವರ ಸಂಘಟನೆಯೊಂದನ್ನು ಕಾಗದದಲ್ಲಿ ನೋಡಿ ಅಳೆಯುವುದು ಕಷ್ಟ. ಇತರರ ಹಣ ಬತ್ತುತ್ತಿದ್ದ ಹೊತ್ತಿನಲ್ಲಿ ಧರ್ಮಸಭೆಯ ಕೈಯೂ ಸಣ್ಣದಾಯಿತು ಎಂಬುದು ನೋವಿನ ಸಂಗತಿ.

ಇನ್ನೂ ತೆರೆದಿರುವ ಬಾಗಿಲುಗಳು

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. ಯಾವ ಬಾಗಿಲು ಹೇಗೆ ತೆರೆಯುತ್ತದೆ ಎಂಬುದನ್ನು ಮಾತ್ರ ತಿಳಿದಿರಬೇಕು.

ಅಮೆರಿಕದ ಖಾಸಗಿ ನಿಧಿಗಳು ಕಾನೂನಿನ ಪ್ರಕಾರ ವರ್ಷಕ್ಕೆ ತಮ್ಮ ಆಸ್ತಿಯ ಸುಮಾರು ನೂರಕ್ಕೆ 5ರಷ್ಟನ್ನು ಧರ್ಮಾರ್ಥವಾಗಿ ಖರ್ಚು ಮಾಡಲೇಬೇಕು. ಸರಕಾರ ಬದಲಾದರೂ ಈ ಹಣ ಹೊರಬರಲೇಬೇಕು. ಆದರೆ ಬಹಳಷ್ಟು ನಿಧಿಗಳು ತಾವು ಕರೆದವರಿಂದ ಮಾತ್ರ ಅರ್ಜಿ ಸ್ವೀಕರಿಸುತ್ತವೆ. ದೊಡ್ಡವರ ಪರಿಚಯವಿಲ್ಲದ ಸಂಘಟನೆಗೆ ಆ ಹೊಸ್ತಿಲು ದಾಟುವುದೇ ಕಷ್ಟ. 2024ರ ಮಾರ್ಚ್‌ನಲ್ಲಿ ಮೆಕೆಂಝಿ ಸ್ಕಾಟ್ ಮುಕ್ತ ಅರ್ಜಿ ಕರೆದು 361 ಸಂಸ್ಥೆಗಳಿಗೆ 64 ಕೋಟಿ ಡಾಲರ್ ಹಂಚಿದಾಗ ಅರ್ಜಿ ಹಾಕಿದವರು 6,000ಕ್ಕೂ ಹೆಚ್ಚು. ವರ್ಷಕ್ಕೆ 10 ಲಕ್ಷದಿಂದ 50 ಲಕ್ಷ ಡಾಲರ್ ಆಯವ್ಯಯ ಇರುವವರು ಮಾತ್ರ ಅರ್ಹರು. ಬೀದಿ ಮೂಲೆಯ ಸಂಘಟನೆಗೆ ಅಲ್ಲಿಯೂ ಜಾಗವಿರಲಿಲ್ಲ.

ಅಂಥವರಿಗೆ ಹತ್ತಿರವಾದದ್ದು ಊರಿನ ಸಮುದಾಯ ನಿಧಿಗಳು. 1914ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಆರಂಭವಾದ ಈ ಪದ್ಧತಿ ಇಂದು ಬಹುತೇಕ ನಗರಗಳಲ್ಲಿದೆ. ಊರಿನ ಜನರೇ ಕೂಡಿಸಿದ ಹಣವನ್ನು ಊರಿನ ಕೆಲಸಕ್ಕೆ ಹಂಚುವ ವ್ಯವಸ್ಥೆ ಇದು. ಇನ್ನೂ ನೋಂದಣಿಯಾಗದ ಗುಂಪು ನೋಂದಾಯಿತ ಸಂಸ್ಥೆಯೊಂದರ ಆಸರೆಯಲ್ಲಿ ಅನುದಾನ ಪಡೆಯಬಹುದು. ಆ ಸಂಸ್ಥೆ ಲೆಕ್ಕಪತ್ರ ನೋಡಿಕೊಂಡು ಸಣ್ಣ ಶುಲ್ಕ ತೆಗೆದುಕೊಳ್ಳುತ್ತದೆ. ಅಲ್ಲಿನ ತೆರಿಗೆ ಕಾನೂನಿನ 501(ಸಿ)(3) ಕಲಮಿನಡಿ ಮಾನ್ಯತೆ ಸಿಕ್ಕಿದರೆ ದಾನಿಗಳಿಗೆ ತೆರಿಗೆ ವಿನಾಯಿತಿ ಇದೆ, ಆದರೆ ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವೂ ನಿಲ್ಲುವಂತಿಲ್ಲ. ಧರ್ಮಸಭೆಯೊಳಗೆ 1884ರ ಬಾಲ್ಟಿಮೋರ್ ಮಹಾಸಭೆಯ ಕಾಲದಿಂದ ಕಪ್ಪು ವರ್ಣೀಯರ ಮತ್ತು ಮೂಲನಿವಾಸಿಗಳ ನಡುವಿನ ಧರ್ಮಸೇವೆಗಾಗಿ ಪ್ರತ್ಯೇಕ ಕಾಣಿಕೆಯೊಂದು ನಡೆಯುತ್ತಿದ್ದು, ಅದು ಧರ್ಮಪ್ರಾಂತ್ಯಗಳ ಮೂಲಕ ಹಂಚಿಕೆಯಾಗುತ್ತದೆ.

ಸಂತ ಕ್ಯಾಥರಿನ್ ಡ್ರೆಕ್ಸೆಲ್ ಕಲಿಸಿದ ಪಾಠ

ಇಷ್ಟೆಲ್ಲ ಹೇಳಿದ ಮೇಲೆ ಒಬ್ಬ ಸಂತಳ ಕಥೆ ನೆನಪಿಸಿಕೊಳ್ಳಲೇಬೇಕು. ಫಿಲಡೆಲ್ಫಿಯಾದ ಬ್ಯಾಂಕ್ ಧಣಿ ಫ್ರಾನ್ಸಿಸ್ ಡ್ರೆಕ್ಸೆಲ್ 1885ರಲ್ಲಿ ತೀರಿಕೊಂಡಾಗ ಸುಮಾರು 1.55 ಕೋಟಿ ಡಾಲರ್ ಆಸ್ತಿ ಬಿಟ್ಟುಹೋದರು. ಅದರ ಬಹುಪಾಲು ಬಡ್ಡಿ ಆದಾಯ ಮೂವರು ಹೆಣ್ಣುಮಕ್ಕಳಿಗೆ. ಅವರಲ್ಲಿ ಒಬ್ಬಳಾದ ಕ್ಯಾಥರಿನ್ 1891ರಲ್ಲಿ ಧರ್ಮಭಗಿನಿಯರ ಹೊಸ ಸಂಸ್ಥೆ ಕಟ್ಟಿ, ತನ್ನ ಪಾಲಿಗೆ ಬಂದ ಸುಮಾರು 2 ಕೋಟಿ ಡಾಲರನ್ನು ಕಪ್ಪು ವರ್ಣೀಯರ ಮತ್ತು ಮೂಲನಿವಾಸಿಗಳ ಶಾಲೆಗಳಿಗೆ ಸುರಿದಳು. ನ್ಯೂ ಆರ್ಲಿಯನ್ಸ್‌ನ ಝೇವಿಯರ್ ವಿಶ್ವವಿದ್ಯಾಲಯ ಆಕೆ ಕಟ್ಟಿದ್ದು. 2000ದಲ್ಲಿ ಧರ್ಮಸಭೆ ಆಕೆಯನ್ನು ಸಂತಳೆಂದು ಘೋಷಿಸಿತು.

ಆದರೆ ತಂದೆಯ ಉಯಿಲಿನಲ್ಲಿ ಒಂದು ಮಾತಿತ್ತು. ಹೆಣ್ಣುಮಕ್ಕಳಿಗೆ ಸಂತಾನವಿಲ್ಲದಿದ್ದರೆ, ಕೊನೆಯ ಮಗಳ ಮರಣಾನಂತರ ಆಸ್ತಿಯು ತಾನು ಹೆಸರಿಸಿದ ಧರ್ಮಸಂಸ್ಥೆಗಳಿಗೆ ಸೇರಬೇಕು. ಉಯಿಲು ಬರೆಯುವಾಗ ಕ್ಯಾಥರಿನ್‌ರ ಸಂಸ್ಥೆ ಹುಟ್ಟಿಯೇ ಇರಲಿಲ್ಲ! 1955ರ ಮಾರ್ಚ್ 3ರಂದು ಆಕೆ ಕಣ್ಣುಮುಚ್ಚಿದಾಗ ಆ ಆದಾಯ ಸಂಸ್ಥೆಗೆ ನಿಂತುಹೋಯಿತು. ಹತ್ತಾರು ಶಾಲೆಗಳನ್ನು ಹೊತ್ತಿದ್ದ ಭಗಿನಿಯರು ಹೊಸದಾಗಿ ಕೈಚಾಚಬೇಕಾಯಿತು. ಝೇವಿಯರ್ ಮಾತ್ರ ಉಳಿದು ಬೆಳೆಯಿತು. ಅದಕ್ಕೆ ಅದರದೇ ಜನ, ಅದರದೇ ಹಳೆ ವಿದ್ಯಾರ್ಥಿಗಳು ಇದ್ದರು. 2020ರಲ್ಲಿ ಮೆಕೆಂಝಿ ಸ್ಕಾಟ್ 2 ಕೋಟಿ ಡಾಲರ್ ಕೊಟ್ಟಾಗ ಸ್ವೀಕರಿಸಲು ಅಲ್ಲೊಂದು ಗಟ್ಟಿ ಸಂಸ್ಥೆ ನಿಂತಿತ್ತು.

ಸಂತಳೊಬ್ಬಳ ಹಣಕ್ಕೂ ಒಂದು ಕೊನೆಯ ದಿನಾಂಕವಿತ್ತು. ಅನುದಾನ ಎಂದರೆ ಹೀಗೆಯೇ. ಅದು ಬರುವಾಗಲೇ ಹೋಗುವ ದಿನವನ್ನೂ ಜೊತೆಗೆ ತರುತ್ತದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1974ರಲ್ಲಿ ಮೆಕ್ಸಿಕೋ ಮೂಲದ ಇಗರ್ಜಿಗಳು ಸೇರಿ 'ಕಾಪ್ಸ್' ಎಂಬ ಸಂಘಟನೆ ಕಟ್ಟಿದಾಗ ಮೊದಲೇ ಒಂದು ತೀರ್ಮಾನವಿತ್ತು: ಪ್ರತಿ ಇಗರ್ಜಿಯೂ ವಂತಿಗೆ ಕೊಡಬೇಕು. ಮಳೆ ಬಂದರೆ ಮನೆಗೆ ನೀರು ನುಗ್ಗುತ್ತಿದ್ದ ತಮ್ಮ ಬಡಾವಣೆಗಳಿಗೆ ಚರಂಡಿ ಬೇಕೆಂದು ನಗರಾಡಳಿತದ ಮುಂದೆ ನಿಂತು ಪಡೆದರು ಅವರು. ಸ್ವಂತ ವಂತಿಗೆಯ ಬೇರು ಇದ್ದ ಆ ಸಂಘಟನೆ ಅರ್ಧ ಶತಮಾನ ದಾಟಿ ಬಂದಿದೆ.

ನಮಗೇನು?

ನಮ್ಮಲ್ಲಿಯೂ ಉಬ್ಬರವಿಳಿತದ ಅನುಭವ ಹೊಸದಲ್ಲ. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಗೆ ತಿದ್ದುಪಡಿ ಬಂದಾಗ, ವಿದೇಶದಿಂದ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವುದು ನಿಷಿದ್ಧವಾಯಿತು. ಆಡಳಿತ ವೆಚ್ಚದ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಯಿಂದ ಪಾಲು ಪಡೆಯುತ್ತಿದ್ದ ಹಳ್ಳಿಯ ಸಣ್ಣ ಸಂಘಗಳು ಕಂಗಾಲಾದವು. ತಾಳಿಕೊಂಡು ನಿಂತವುಗಳಲ್ಲಿ ವಾರಕ್ಕೊಮ್ಮೆ ಹತ್ತು ಇಪ್ಪತ್ತು ರೂಪಾಯಿ ಕೂಡಿಸುವ ಮಹಿಳೆಯರ ಸ್ವಸಹಾಯ ಗುಂಪುಗಳಿವೆ. ಅವರ ಹಣ ಅವರದೇ, ತೀರ್ಮಾನವೂ ಅವರದೇ.

ಇನ್ನೊಂದು ಪ್ರಶ್ನೆಯನ್ನೂ ನಮಗೆ ನಾವೇ ಕೇಳಿಕೊಳ್ಳಬೇಕು. ಅಮೆರಿಕದ ಧರ್ಮಾಧ್ಯಕ್ಷರು ಬಣ್ಣದ ಪಾಪವನ್ನು ಒಪ್ಪಿಕೊಂಡಂತೆ, ಭಾರತದ ಧರ್ಮಾಧ್ಯಕ್ಷರ ಮಂಡಳಿಯೂ 2016ರ ಡಿಸೆಂಬರ್‌ನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಹೊರಡಿಸಿ, ಧರ್ಮಸಭೆಯೊಳಗೂ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿದೆ. ನಮ್ಮ ಸಮಾಜಸೇವಾ ಯೋಜನೆಗಳ ಸಮಿತಿಗಳಲ್ಲಿ, ಯಾರಿಗಾಗಿ ಯೋಜನೆಯೋ ಅವರಲ್ಲಿ ಎಷ್ಟು ಮಂದಿ ಕುಳಿತಿದ್ದಾರೆ? ಕುಳಿತವರ ಮಾತು ನಡೆಯುತ್ತದೆಯೇ?

2025ರ ಮೇ 8ರಂದು ಆಯ್ಕೆಯಾದ ಪೋಪ್ 14ನೇ ಲಿಯೋ ಅವರು ಹುಟ್ಟಿದ್ದು ಶಿಕಾಗೊದಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊರಬಂದ ಅವರ 'ದಿಲೆಕ್ಸಿ ತೆ' ಎಂಬ ಪ್ರಬೋಧನೆಯ ವಿಷಯವೇ ಬಡವರ ಮೇಲಿನ ಪ್ರೀತಿ. ಬಡವರು ಸ್ವತಃ ಕಟ್ಟಿಕೊಂಡ ಜನಚಳವಳಿಗಳಿಗೂ ಅದರಲ್ಲಿ ಸ್ಥಾನವಿದೆ. ಅಮೆರಿಕದಲ್ಲಿರುವ ನಮ್ಮ ಬಂಧುಗಳು ನವೆಂಬರ್ ತಿಂಗಳ ಆ ಲಕೋಟೆ ಕೈಗೆ ಬಂದಾಗ ಅದನ್ನು ಪಕ್ಕಕ್ಕಿಡುವ ಮುಂಚೆ ಇಮೊಕಲಿಯ ಟೊಮೆಟೊ ಬುಟ್ಟಿಯನ್ನು ಒಮ್ಮೆ ನೆನೆಯಲಿ. ಕೊಟ್ಟ ಮೇಲೆ ಲೆಕ್ಕವನ್ನೂ ಕೇಳಲಿ.

ಶುಭಸಂದೇಶದ ಬಡ ವಿಧವೆ ದೇವಾಲಯದ ಪೆಟ್ಟಿಗೆಗೆ ಎರಡು ಕಾಸು ಹಾಕಿದಾಗ ಪ್ರಭು ಯೇಸು ಶಿಷ್ಯರನ್ನು ಕರೆದು ತೋರಿಸಿದರು. ಆಕೆ ಕೈಚಾಚಿ ಪಡೆಯಲು ಬಂದವಳಾಗಿರಲಿಲ್ಲ, ಕೊಡಲು ಬಂದವಳಾಗಿದ್ದಳು. ಬಡವರನ್ನು ಕೊಡುವವರ ಸಾಲಿನಲ್ಲಿ, ತೀರ್ಮಾನಿಸುವವರ ಸಾಲಿನಲ್ಲಿ ಕೂರಿಸುವ ಅನುದಾನ ಚಿಕ್ಕದಾದರೂ ಉಳಿಯುತ್ತದೆ. ಉಳಿದದ್ದೆಲ್ಲ ಉಬ್ಬರದೊಂದಿಗೆ ಬಂದು ಇಳಿತದೊಂದಿಗೆ ಹೋಗುತ್ತದೆ.